ಹಳದಿ ತ್ರಿಕೋನದ ಹಿಂದಿರುವ ಗುರುತು

ಕೇಳುಗರಿಗೆ ನಮಸ್ಕಾರ.

ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ವೈಫೈ ಸಿಗದೆ, ಧ್ವನಿ ಬಾರದೆ, ಟಚ್‌ಪ್ಯಾಡಿನ ಮೇಲೆ ಬೆರಳಾಡಿಸಿದರೂ ಬಾಣ ಅಲುಗದೆ ಕಂಗೆಟ್ಟವರು ನಿಮ್ಮಲ್ಲಿ ಅನೇಕರಿರಬಹುದು. ಹಾಗೆ ಕಾಣೆಯಾದ ಡ್ರೈವರ್‌ಗಳನ್ನು ಹುಡುಕಿ ಮತ್ತೆ ಅವುಗಳ ಜಾಗದಲ್ಲಿ ಕೂರಿಸುವುದು ಹೇಗೆ ಎಂಬುದಷ್ಟೇ ಇವತ್ತಿನ ನನ್ನ ಮಾತಿನ ವಿಷಯ. ಕೈಗೆಟಕುವಂತೆ ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಂಡರೆ ಒಳ್ಳೆಯದು. ನಡುವೆ ಕೆಲವು ಅಂಕೆ, ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಲಿದ್ದೇನೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ನಮ್ಮ ಬಳಗದ ಹಳೆಯ ಯಂತ್ರಗಳನ್ನೆಲ್ಲ ಒಂದೊಂದಾಗಿ ವಿಂಡೋಸ್ 11ಕ್ಕೆ ದಾಟಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಅವುಗಳಲ್ಲಿ ನನ್ನ ಭಾವಮೈದುನನ ಲ್ಯಾಪ್‌ಟಾಪೂ ಒಂದು. ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್ ಇದ್ದದ್ದರಿಂದ ವಿಂಡೋಸ್ 11 ಪಡೆಯುವ ಅರ್ಹತೆ ಅದಕ್ಕೆ ಹೇಗೋ ದಕ್ಕಿತ್ತು. ಅವನು ಕಾಲೇಜಿನಲ್ಲಿ ಉಪನ್ಯಾಸಕ. ಸೋಮವಾರ ಬೆಳಗ್ಗೆ ವಿದ್ಯಾರ್ಥಿಗಳ ಅಂಕಗಳನ್ನು ಕಳುಹಿಸಬೇಕಿತ್ತು. ಆದರೂ ನಾನು ಬರುವ ತನಕ ಕಾಯದೆ ಭಾನುವಾರ ಸಂಜೆ ತಾನೇ ಪೆನ್ ಡ್ರೈವ್ ಚುಚ್ಚಿ, ಡಿಸ್ಕಿನ ಎಲ್ಲ ವಿಭಾಗಗಳನ್ನೂ ಅಳಿಸಿ, ಹೊಸ ವಿಂಡೋಸ್ ಹಾಕಿಬಿಟ್ಟ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ಇಂಟರ್ನೆಟ್ಟಿಗೆ ಜೋಡಿಸಿ ಎಂದು ಪರದೆ ಕೇಳುತ್ತಿದೆ, ಪಟ್ಟಿಯಲ್ಲಿ ಒಂದಾದರೂ ವೈಫೈ ಹೆಸರಿಲ್ಲ, ಮುಂದಿನ ಹೆಜ್ಜೆಯ ಗುಂಡಿ ಮಂಕಾಗಿ ಕೂತಿದೆ, ವೈಫೈ ಕಾರ್ಡ್ ಸುಟ್ಟಿರಬೇಕು ಎಂಬುದು ಅವನ ತೀರ್ಮಾನ.

ಕಾರ್ಡ್ ಸುಟ್ಟಿರಲಿಲ್ಲ. ಮಧ್ಯಾಹ್ನದವರೆಗೆ ನಡೆಯುತ್ತಿದ್ದ ಕಾರ್ಡ್ ಸಂಜೆ ವಿಂಡೋಸ್ ಬದಲಾದ ಗಳಿಗೆಯಲ್ಲೇ ಸುಡುವುದಿಲ್ಲ. ಯಂತ್ರದೊಳಗಿನ ಪ್ರತಿಯೊಂದು ಭಾಗವನ್ನು ಮಾತನಾಡಿಸಲು ವಿಂಡೋಸ್‌ಗೆ ಒಂದೊಂದು ಸಣ್ಣ ತಂತ್ರಾಂಶ ಬೇಕು, ಅದೇ ಡ್ರೈವರ್. ಕೀಬೋರ್ಡ್, ಯುಎಸ್‌ಬಿ, ಸಾಮಾನ್ಯ ಡಿಸ್ಕ್ ಇಂಥವುಗಳ ಡ್ರೈವರ್‌ಗಳು ವಿಂಡೋಸ್ ಜೊತೆಗೇ ಬರುತ್ತವೆ. ಲೋಕದಲ್ಲಿರುವ ಎಲ್ಲ ವೈಫೈ ಚಿಪ್‌ಗಳ, ಎಲ್ಲ ಬೆರಳಚ್ಚು ಓದುಗಗಳ ಡ್ರೈವರ್‌ಗಳನ್ನು ಅದು ಹೊತ್ತು ತರಲಾರದು. ಲ್ಯಾಪ್‌ಟಾಪ್ ಕಾರ್ಖಾನೆಯಿಂದ ಹೊರಟಾಗ ತಯಾರಕರು ಅವನ್ನೆಲ್ಲ ತುಂಬಿ ಕಳುಹಿಸಿರುತ್ತಾರೆ. ಡಿಸ್ಕ್ ಅಳಿಸಿದಾಗ ನಮ್ಮ ಫೋಟೊ, ಕಡತಗಳ ಜೊತೆಗೆ ಅವೂ ಹೋಗುತ್ತವೆ. ಫೋಟೊಗಳನ್ನು ಮೊದಲೇ ನಕಲು ಮಾಡಿಟ್ಟುಕೊಳ್ಳಬೇಕೆಂದು ಎಲ್ಲರಿಗೂ ನೆನಪಿರುತ್ತದೆ, ಡ್ರೈವರ್‌ಗಳದು ಯಾರಿಗೂ ನೆನಪಾಗುವುದಿಲ್ಲ.

ವೈಫೈ ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ವೈಫೈ ಡ್ರೈವರ್ ಬೇಕು. ಹಗ್ಗ ಬಾವಿಯೊಳಗೇ ಬಿದ್ದಂತಾದ ಈ ಸ್ಥಿತಿಯಿಂದ ಹೊರಬರಲು ಅತಿ ಸುಲಭದ ದಾರಿ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆಯೇ ಕಾಣುವ ಯುಎಸ್‌ಬಿ ಟೆಥರಿಂಗ್ ಎಂಬುದನ್ನು ಚಾಲೂ ಮಾಡಿದರೆ, ವಿಂಡೋಸ್ ಆ ಫೋನನ್ನು ತಂತಿಯ ನೆಟ್‌ವರ್ಕ್ ಎಂದೇ ಪರಿಗಣಿಸಿ ತಕ್ಷಣ ಜೋಡಿಕೊಳ್ಳುತ್ತದೆ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇದೆ. ಫೋನ್ ಮನೆಯ ವೈಫೈಗೆ ಜೋಡಿಕೊಂಡಿದ್ದರೆ ಅದೇ ಸಂಪರ್ಕ ತಂತಿಯ ಮೂಲಕ ಲ್ಯಾಪ್‌ಟಾಪಿಗೂ ಹರಿಯುವುದರಿಂದ ನಿಮ್ಮ ಮೊಬೈಲ್ ಡೇಟಾ ಖರ್ಚಾಗುವ ಭಯವೂ ಇಲ್ಲ. ಒಂದೇ ಎಚ್ಚರಿಕೆ, ಕೆಲವು ಅಗ್ಗದ ತಂತಿಗಳು ಚಾರ್ಜ್ ಮಾತ್ರ ಮಾಡುತ್ತವೆ, ದತ್ತಾಂಶ ಸಾಗಿಸುವುದಿಲ್ಲ. ಫೋನಿನಲ್ಲಿ ಟೆಥರಿಂಗ್ ಆಯ್ಕೆ ಮಂಕಾಗಿಯೇ ಇದ್ದರೆ ಮೊದಲು ತಂತಿ ಬದಲಿಸಿ ನೋಡಿ. ಭಾವಮೈದುನನ ಮನೆಯಲ್ಲಿ ಮೂರನೆಯ ತಂತಿಗೆ ಕೆಲಸವಾಯಿತು.

ಸಂಪರ್ಕ ಸಿಕ್ಕ ಮೇಲೆ ಮಾಡಬೇಕಾದ ಮೊದಲ ಕೆಲಸ ಗೂಗಲ್‌ನಲ್ಲಿ ಡ್ರೈವರ್ ಹುಡುಕುವುದಲ್ಲ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು, ಬಂದದ್ದನ್ನೆಲ್ಲ ಹಾಕಿಸಿಕೊಳ್ಳಿ. ಆಮೇಲೆ ಅಲ್ಲಿಯೇ ಅಡ್ವಾನ್ಸ್ಡ್ ಆಪ್ಷನ್ಸ್ ಎಂಬುದರೊಳಗೆ ಆಪ್ಷನಲ್ ಅಪ್‌ಡೇಟ್ಸ್ ಎಂಬ ಇನ್ನೊಂದು ಕೋಣೆಯಿದೆ. ತಾನಾಗಿ ಬಾರದ ಕೆಲವು ಡ್ರೈವರ್‌ಗಳು ಅಲ್ಲಿ ನಿಮ್ಮ ಒಪ್ಪಿಗೆಗಾಗಿ ಕಾಯುತ್ತಿರುತ್ತವೆ. ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಮತ್ತೊಮ್ಮೆ ಅಪ್‌ಡೇಟ್ ಹುಡುಕಿಸಿ. ಎಷ್ಟೋ ಸಲ ಮುಕ್ಕಾಲು ಪಾಲು ಸಮಸ್ಯೆ ಇಲ್ಲಿಗೇ ತೀರುತ್ತದೆ.

ಉಳಿದ ಕಾಲು ಪಾಲಿಗೆ, ಯಂತ್ರದ ಎಲ್ಲ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆಯಬೇಕು. ಟಚ್‌ಪ್ಯಾಡ್ ಸತ್ತಿದ್ದರೂ ಚಿಂತೆಯಿಲ್ಲ. ವಿಂಡೋಸ್ ಕೀಲಿಯನ್ನು ಎಕ್ಸ್ ಜೊತೆ ಒತ್ತಿ, ಬಳಿಕ ಎಂ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಡ್ರೈವರ್ ಸಿಗದ ಭಾಗಗಳ ಪಕ್ಕದಲ್ಲಿ ಹಳದಿ ತ್ರಿಕೋನ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ. ಒಂದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕೋಡ್ 28 ಎಂಬ ಬರಹ ಕಾಣುವುದೇ ಹೆಚ್ಚು. ಡ್ರೈವರ್ ಹಾಕಿಯೇ ಇಲ್ಲ ಎಂದು ಅದರ ಅರ್ಥ. ಕೋಡ್ 10 ಎಂದಿದ್ದರೆ ಅದು ಬೇರೆ ಕಥೆ, ಡ್ರೈವರ್ ಇದ್ದರೂ ಆ ಭಾಗ ಶುರುವಾಗುತ್ತಿಲ್ಲ ಎಂದಂತೆ. ನಮ್ಮ ಇವತ್ತಿನ ಮಾತು 28ರದು.

ಒಂದು ಚಿಹ್ನೆ ಮಾತ್ರ ಮೋಸ ಮಾಡುತ್ತದೆ, ಏಕೆಂದರೆ ಅದು ಕಾಣುವುದೇ ಇಲ್ಲ. ಪರದೆಯ ಡ್ರೈವರ್ ಇಲ್ಲದಾಗ ವಿಂಡೋಸ್ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂಬ ತನ್ನದೇ ತಾತ್ಕಾಲಿಕ ವ್ಯವಸ್ಥೆಯಿಂದ ಚಿತ್ರ ತೋರಿಸುತ್ತಿರುತ್ತದೆ. ತ್ರಿಕೋನವಿಲ್ಲದ್ದರಿಂದ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ಅಕ್ಷರಗಳು ದಪ್ಪವಾಗಿ ಕಂಡರೆ, ವಿಡಿಯೊ ತೊಡರಿ ತೊಡರಿ ಓಡಿದರೆ, ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವ ಪಟ್ಟಿ ಮಾಯವಾಗಿದ್ದರೆ, ಡಿಸ್‌ಪ್ಲೇ ಅಡಾಪ್ಟರ್ಸ್ ಸಾಲನ್ನು ಬಿಡಿಸಿ ಈ ಹೆಸರಿದೆಯೇ ನೋಡಿ.

ಇನ್ನು ತ್ರಿಕೋನಗಳ ಪಕ್ಕದ ಹೆಸರುಗಳು. ಇವುಗಳಲ್ಲಿ ಕೆಲವು ತುಸು ಸುಳಿವು ಕೊಡುತ್ತವೆ, ಕೆಲವು ದಾರಿ ತಪ್ಪಿಸುತ್ತವೆ. ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್ ಎಂಬುದನ್ನು ಕಂಡು ಇದು ಮೋಡೆಮ್ ಇರಬೇಕೆಂದು ನಾನು ಹಿಂದೊಮ್ಮೆ ಅರ್ಧ ದಿನ ಹುಡುಕಿದ್ದುಂಟು. ಇಂಟೆಲ್ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಭಾಗ, ಮೋಡೆಮ್‌ಗೂ ಅದಕ್ಕೂ ಯಾವ ನಂಟೂ ಇಲ್ಲ. ಎಸ್‌ಎಂ ಬಸ್ ಕಂಟ್ರೋಲರ್ ಎಂದಿದ್ದರೆ ಚಿಪ್‌ಸೆಟ್, ಎಂದರೆ ಯಂತ್ರದ ಭಾಗಗಳನ್ನು ಒಂದಕ್ಕೊಂದು ಬೆಸೆಯುವ ಮುಖ್ಯ ಚಿಪ್‌ಗಳ ಡ್ರೈವರ್ ಬೇಕು. ಬರೀ ನೆಟ್‌ವರ್ಕ್ ಕಂಟ್ರೋಲರ್ ಎಂದಿದ್ದರೆ ಬಹುತೇಕ ಅದು ವೈಫೈ. ಅನ್‌ನೋನ್ ಡಿವೈಸ್ ಎಂದು ಬಂದರೆ ಹೆಸರಿನಿಂದ ಏನೂ ತಿಳಿಯದು.

ಆದ್ದರಿಂದಲೇ ನಾನು ಹೆಸರನ್ನು ನಂಬುವುದನ್ನು ಬಿಟ್ಟು ಗುರುತಿನ ಸಂಖ್ಯೆಯನ್ನು ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ. ತ್ರಿಕೋನವಿರುವ ಭಾಗದ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಎಂಬ ಪುಟಕ್ಕೆ ಹೋಗಿ, ಅಲ್ಲಿರುವ ಪಟ್ಟಿಯನ್ನು ಬಿಡಿಸಿ ಹಾರ್ಡ್‌ವೇರ್ ಐಡಿಸ್ ಎಂಬುದನ್ನು ಆರಿಸಿ. ಮೊದಲ ನೋಟಕ್ಕೆ ಮಂತ್ರಾಕ್ಷರದಂತೆ ಕಾಣುವ ನಾಲ್ಕೈದು ಸಾಲುಗಳು ಬರುತ್ತವೆ. ಎಲ್ಲಕ್ಕಿಂತ ಮೇಲಿನದು ಅತ್ಯಂತ ನಿಖರವಾದದ್ದು. ಈಗ ಹಾಳೆ ತೆಗೆದುಕೊಳ್ಳಿ. ವಿ ಇ ಎನ್ ಎಂಬ ಮೂರು ಅಕ್ಷರಗಳ ಮುಂದೆ ಬರುವ ನಾಲ್ಕು ಅಂಕೆ ಅಕ್ಷರಗಳು ಚಿಪ್ ಮಾಡಿದವರ, ಎಂದರೆ ವೆಂಡರ್‌ನ ಗುರುತು. 8086 ಎಂದಿದ್ದರೆ ಇಂಟೆಲ್. 1978ರಲ್ಲಿ ಬಂದ ತಮ್ಮ ಹೆಸರಾಂತ ಪ್ರೊಸೆಸರ್‌ನ ಸಂಖ್ಯೆಯನ್ನೇ ಅವರು ಗುರುತಾಗಿ ಇಟ್ಟುಕೊಂಡಿದ್ದಾರೆ, ಹಾಗಾಗಿ ಇದನ್ನು ಮರೆಯುವುದು ಕಷ್ಟ. 10 ಇ ಸಿ ಎಂದಿದ್ದರೆ ರಿಯಲ್‌ಟೆಕ್, 10 ಡಿ ಇ ಎಂದಿದ್ದರೆ ಎನ್‌ವಿಡಿಯ, 14 ಸಿ 3 ಎಂದಿದ್ದರೆ ಮೀಡಿಯಾಟೆಕ್. ಡಿ ಇ ವಿ ಎಂಬುದರ ಮುಂದಿನ ನಾಲ್ಕು ಆ ಕಂಪನಿಯ ಯಾವ ಚಿಪ್ ಎಂಬುದನ್ನು ಹೇಳುತ್ತವೆ. ಅದಾದ ಮೇಲೆ ಬರುವ ಸಬ್‌ಸಿಸ್ ಎಂಬುದರ ಎಂಟರಲ್ಲಿ ಕೊನೆಯ ನಾಲ್ಕು ಸಾಮಾನ್ಯವಾಗಿ ಲ್ಯಾಪ್‌ಟಾಪ್ ತಯಾರಕರನ್ನು ಸೂಚಿಸುತ್ತವೆ. 1028 ಡೆಲ್, 103 ಸಿ ಎಚ್‌ಪಿ, 17 ಎ ಎ ಲೆನೊವೊ, 1043 ಏಸಸ್.

ಭಾವಮೈದುನನ ಯಂತ್ರದ ನೆಟ್‌ವರ್ಕ್ ಕಂಟ್ರೋಲರ್ ತೋರಿಸಿದ್ದು 10 ಇ ಸಿ, ಸಿ 821. ಎಂದರೆ ರಿಯಲ್‌ಟೆಕ್‌ನ 8821 ಸಿ ಇ ಎಂಬ ವೈಫೈ ಚಿಪ್. ಅಲ್ಲಿಯವರೆಗೆ ಇಂಟೆಲ್ ಲ್ಯಾಪ್‌ಟಾಪ್ ಆದ್ದರಿಂದ ವೈಫೈಯೂ ಇಂಟೆಲ್‌ನದೇ ಎಂದುಕೊಂಡು ಅವನು ಫೋನಿನಲ್ಲಿ ಇಂಟೆಲ್ ವೈಫೈ ಡ್ರೈವರ್ ಇಳಿಸಿಕೊಂಡು ಕೂತಿದ್ದ. ಅದನ್ನು ಹತ್ತು ಸಲ ಹಾಕಿದ್ದರೂ ವೈಫೈ ಬರುತ್ತಿರಲಿಲ್ಲ.

ಗುರುತು ತಿಳಿದ ಮೇಲೆ ಡ್ರೈವರನ್ನು ತರುವುದು ಎಲ್ಲಿಂದ? ಲ್ಯಾಪ್‌ಟಾಪ್ ತಯಾರಕರ ಬೆಂಬಲ ತಾಣದಿಂದ, ಮಾದರಿಯ ಹೆಸರು ಕೊಟ್ಟಲ್ಲ, ಯಂತ್ರದ ತಳದಲ್ಲಿ ಅಂಟಿಸಿರುವ ಸೀರಿಯಲ್ ಸಂಖ್ಯೆ ಕೊಟ್ಟು. ಒಂದೇ ಮಾದರಿಯ ಹೆಸರಿನಲ್ಲಿ ಎರಡು ಮೂರು ಬಗೆಯ ವೈಫೈ ಕಾರ್ಡ್‌ಗಳನ್ನು ಹಾಕಿ ಮಾರುವುದು ಸಾಮಾನ್ಯ. ಸೀರಿಯಲ್ ಸಂಖ್ಯೆ ಕೊಟ್ಟಾಗ ಪಟ್ಟಿ ಆದಷ್ಟು ನಿಮ್ಮ ಯಂತ್ರಕ್ಕೇ ಹೊಂದುವಂತೆ ಬರುತ್ತದೆ. ಅಲ್ಲಿ ವಿಂಡೋಸ್ 11ರ ಡ್ರೈವರ್ ಇಲ್ಲದಿದ್ದರೆ ವಿಂಡೋಸ್ 10ರ 64 ಬಿಟ್ ಡ್ರೈವರ್ ಇಳಿಸಿಕೊಳ್ಳಿ, ಬಹುಮಟ್ಟಿಗೆ ಅದು ಹಾಗೆಯೇ ನಡೆಯುತ್ತದೆ. ಹಾಕುವಾಗ ಚಿಪ್‌ಸೆಟ್ ಮೊದಲು. ಇಂಟೆಲ್ ಯಂತ್ರವಾದರೆ ಆಮೇಲೆ ಸೀರಿಯಲ್ ಐಒ, ಏಕೆಂದರೆ ಅನೇಕ ಲ್ಯಾಪ್‌ಟಾಪುಗಳ ಟಚ್‌ಪ್ಯಾಡ್ ಅದರ ಮೇಲೆಯೇ ನಿಂತಿದೆ. ಟಚ್‌ಪ್ಯಾಡ್ ಡ್ರೈವರನ್ನು ಮತ್ತೆ ಮತ್ತೆ ಹಾಕಿ ಸೋತವರು ಈ ಬುಡದ ಡ್ರೈವರನ್ನು ಹಾಕಿದೊಡನೆ ಬಾಣ ಓಡಾಡುವುದನ್ನು ಕಂಡು ಬೆರಗಾಗುತ್ತಾರೆ.

ಎಲ್ಲ ಡ್ರೈವರ್‌ಗಳನ್ನೂ ಒಂದೇ ಕ್ಲಿಕ್ಕಿಗೆ ಹುಡುಕಿಕೊಡುತ್ತೇವೆ ಎಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನು ನಾನು ಬಳಸುವುದಿಲ್ಲ, ಬಳಸಿ ಎಂದು ಯಾರಿಗೂ ಹೇಳುವುದೂ ಇಲ್ಲ. ಡ್ರೈವರ್ ಎಂಬುದು ವಿಂಡೋಸ್‌ನ ಗರ್ಭಗುಡಿಯೊಳಗೆ ಹೋಗಿ ಕೂರುವ ವಸ್ತು. ಅದನ್ನು ದಾರಿಯಲ್ಲಿ ಸಿಕ್ಕವರ ಕೈಯಿಂದ ಪಡೆಯುವುದು ನನಗೆ ಒಗ್ಗದು.

ಕೆಲವು ಡ್ರೈವರ್‌ಗಳು ಇನ್‌ಸ್ಟಾಲರ್ ಇಲ್ಲದೆ ಬರಿಯ ಫೋಲ್ಡರ್ ಆಗಿ ಸಿಗುತ್ತವೆ. ಅದರಲ್ಲಿ ಐ ಎನ್ ಎಫ್ ಎಂದು ಕೊನೆಗೊಳ್ಳುವ ಒಂದು ಕಡತ ಇರುತ್ತದೆ. ಅದು ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ನೀವು ಬರೆದುಕೊಂಡ ವೆಂಡರ್ ಮತ್ತು ಡಿವೈಸ್ ಗುರುತನ್ನು ಅದರೊಳಗೆ ಹುಡುಕಿ. ಸಿಕ್ಕರೆ ಆ ಡ್ರೈವರ್ ನಿಮ್ಮ ಚಿಪ್‌ಗಾಗಿಯೇ ಬರೆದದ್ದು, ಸಿಗದಿದ್ದರೆ ಫೋಲ್ಡರ್ ಮುಚ್ಚಿ ಮುಂದಿನದನ್ನು ನೋಡಿ. ಸಿಕ್ಕಿದ್ದಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅಪ್‌ಡೇಟ್ ಡ್ರೈವರ್ ಒತ್ತಿ, ಎರಡನೆಯ ಆಯ್ಕೆಯಿಂದ ಆ ಫೋಲ್ಡರನ್ನು ತೋರಿಸಿದರೆ ಸಾಕು. ಇದೇ ಉಪಾಯ ಇನ್ನೊಂದು ಸಂದರ್ಭದಲ್ಲೂ ಕೆಲಸಕ್ಕೆ ಬರುತ್ತದೆ. ಡಿಸ್ಕನ್ನು ಅಳಿಸದೆ, ಹಳೆಯದರ ಮೇಲೆಯೇ ಹೊಸ ವಿಂಡೋಸ್ ಹಾಕಿದ್ದರೆ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್ ಉಳಿದಿರುತ್ತದೆ. ಅದರೊಳಗೆ ವಿಂಡೋಸ್, ಅದರೊಳಗೆ ಸಿಸ್ಟಂ 32, ಅದರೊಳಗೆ ಡ್ರೈವರ್ ಸ್ಟೋರ್ ಎಂಬಲ್ಲಿ ನಿಮ್ಮ ಹಳೆಯ ಡ್ರೈವರ್‌ಗಳೆಲ್ಲ ಇನ್ನೂ ಇವೆ. ಸಾಮಾನ್ಯವಾಗಿ 10 ದಿನಗಳ ಬಳಿಕ ವಿಂಡೋಸ್ ಆ ಫೋಲ್ಡರನ್ನು ತಾನೇ ಅಳಿಸುತ್ತದೆ, ಅಷ್ಟರೊಳಗೆ ನೋಡಿಕೊಳ್ಳಬೇಕು.

ಇಲ್ಲೇ ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಇಂಟೆಲ್‌ನ 11ನೇ ತಲೆಮಾರು ಮತ್ತು ಅದರ ನಂತರದ ಕೆಲವು ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಹಾಕಲು ಹೊರಟಾಗ ಡಿಸ್ಕೇ ಕಾಣುವುದಿಲ್ಲ. ಪಟ್ಟಿ ಖಾಲಿ ಇರುತ್ತದೆ. ವಿಎಂಡಿ ಎಂಬ ವ್ಯವಸ್ಥೆಯ ಹಿಂದೆ ಡಿಸ್ಕ್ ಅಡಗಿರುವುದು ಇದಕ್ಕೆ ಕಾರಣ. ಇಂಟೆಲ್‌ನ ರಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಡಿಸಿ ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡು, ಆ ಪರದೆಯಲ್ಲೇ ಇರುವ ಲೋಡ್ ಡ್ರೈವರ್ ಗುಂಡಿಯಿಂದ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ವಿಂಡೋಸ್‌ಗಿಂತ ಮೊದಲು ಎಚ್ಚರಗೊಳ್ಳುವ ಬಯಾಸ್ ಎಂಬ ಮೂಲ ಸೆಟ್ಟಿಂಗ್ಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವವರೂ ಇದ್ದಾರೆ. ಹಾಗೆ ಮಾಡಿದರೆ ಮುಂದೆ ಅದನ್ನು ಮತ್ತೆ ಮುಟ್ಟಬಾರದು; ವಿಂಡೋಸ್ ಹಾಕಿದ ಮೇಲೆ ಅದನ್ನು ತಿರುಗಿಸಿದರೆ ಯಂತ್ರ ನೀಲಿ ಪರದೆಗೆ ಬಂದು ನಿಲ್ಲಬಹುದು.

ಮುಂದಿನ ಸಲ ಈ ಪಾಡೇ ಬಾರದಂತೆ ಮಾಡುವುದು ಒಂದೇ ಸಾಲಿನ ಕೆಲಸ. ಡಿಸ್ಕ್ ಅಳಿಸುವ ಮುನ್ನ ಪೆನ್ ಡ್ರೈವ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಬರೆಯಿರಿ: ಪಿಎನ್‌ಪಿಯುಟಿಲ್ ಎಂದು ಒಂದೇ ಪದವಾಗಿ, ಖಾಲಿ ಜಾಗ, ಬಲಕ್ಕೆ ವಾಲಿದ ಓರೆಗೆರೆ, ಎಕ್ಸ್‌ಪೋರ್ಟ್ ಅಡ್ಡಗೆರೆ ಡ್ರೈವರ್, ಖಾಲಿ ಜಾಗ, ನಕ್ಷತ್ರ, ಖಾಲಿ ಜಾಗ, ಕೊನೆಗೆ ಆ ಫೋಲ್ಡರಿನ ವಿಳಾಸ. ವಿಂಡೋಸ್ ಜೊತೆ ಬಾರದ, ಹೊರಗಿನಿಂದ ಬಂದ ಡ್ರೈವರ್‌ಗಳೆಲ್ಲ ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಬಂದು ಬೀಳುತ್ತವೆ.

ಭಾವಮೈದುನನ ಲ್ಯಾಪ್‌ಟಾಪಿನಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಉಳಿದದ್ದು ಒಂದೇ ತ್ರಿಕೋನ, ಅನ್‌ನೋನ್ ಡಿವೈಸ್. ಅದರ ಗುರುತಿನಲ್ಲಿ ವೆಂಡರ್ ಸಂಖ್ಯೆಯೇ ಇರಲಿಲ್ಲ. ಎಸಿಪಿಐ ಎಂದು ಆರಂಭವಾಗಿ, ಎಸ್ ಎಂ ಒ 8810 ಎಂದು ಮುಗಿಯುತ್ತಿತ್ತು. ಹುಡುಕಿದಾಗ ಅದು ಬೀಳುವಿಕೆಯನ್ನು ಗ್ರಹಿಸುವ ಸೆನ್ಸರ್ ಎಂದು ತಿಳಿಯಿತು. ಲ್ಯಾಪ್‌ಟಾಪ್ ಕೈಜಾರಿದರೆ, ನೆಲ ಮುಟ್ಟುವ ಮೊದಲೇ ತಿರುಗುವ ಹಾರ್ಡ್ ಡಿಸ್ಕಿನ ಓದುಮೊನೆಯನ್ನು ಪಕ್ಕಕ್ಕೆ ಸರಿಸಿ ಕಾಪಾಡುವುದು ಅದರ ಕೆಲಸ. ಎರಡು ವರ್ಷದ ಹಿಂದೆಯೇ ಅವನು ಆ ಹಾರ್ಡ್ ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದ, ಅದರಲ್ಲಿ ತಿರುಗುವುದು ಏನೂ ಇಲ್ಲ. ಹಾಗಿದ್ದರೆ ಇದನ್ನು ಬಿಟ್ಟುಬಿಡೋಣವೇ ಎಂದು ಕೇಳಿದೆ. ಬೇಡ, ಆ ಹಳದಿ ಚಿಹ್ನೆ ಇರುವವರೆಗೆ ನನಗೆ ನಿದ್ದೆ ಬಾರದು ಎಂದ. ಡ್ರೈವರ್ ಇಳಿಸಿದೆವು, ಚಿಹ್ನೆ ಹೋಯಿತು, ಅವನು ಅಂಕಪಟ್ಟಿ ತೆರೆದು ಕೂತ.

ನಮಸ್ಕಾರ.