ಪೂರ್ವಗ್ರಹ, ಪಕ್ಷಪಾತ, ತಾರತಮ್ಯ: ಎಲ್ಲಿ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯ ಈ ಸಭೆಯಲ್ಲಿ ಶಿಕ್ಷಕರಿದ್ದೀರಿ, ಸುದ್ದಿ ಬರೆಯುವವರಿದ್ದೀರಿ, ಬುಡಕಟ್ಟು ಜನರ ಹಾಡಿಗಳಲ್ಲೂ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲೂ ಓಡಾಡಿ ಅರ್ಜಿ ಬರೆದುಕೊಡುವವರಿದ್ದೀರಿ. ನಿಮ್ಮೆಲ್ಲರ ಬರವಣಿಗೆಯಲ್ಲೂ ‘ಪೂರ್ವಗ್ರಹ’ ಎಂಬ ಪದ ಆಗಾಗ ಬರುತ್ತದೆ. ಬಹಳ ಸಲ ಅದು ಬೇರೆ ಪದ ಕೂರಬೇಕಾದ ಜಾಗದಲ್ಲಿ ಬಂದು ಕೂತಿರುತ್ತದೆ. ಅದರ ನಷ್ಟ ತಟ್ಟುವುದು ಅನ್ಯಾಯಕ್ಕೆ ಒಳಗಾದವರಿಗೆ. ಮನಸ್ಸಿನಲ್ಲಿರುವುದು ಏನು, ನಡೆದದ್ದು ಏನು, ಅದರಿಂದ ಆದ ಹಾನಿ ಏನು ಎಂಬ ಮೂರನ್ನೂ ಒಂದೇ ಪದಕ್ಕೆ ಕಟ್ಟಿದರೆ, ಏನನ್ನು ಸಾಬೀತು ಮಾಡಬೇಕು, ಯಾವ ಪರಿಹಾರ ಕೇಳಬೇಕು ಎನ್ನುವುದೇ ತಿಳಿಯದೆ ಹೋಗುತ್ತದೆ.

ಮೊದಲು ಕಾಗುಣಿತ. ‘ಪೂರ್ವಗ್ರಹ’ದಲ್ಲಿರುವ ಗ್ರಹ ಆಕಾಶದ್ದಲ್ಲ, ಗ್ರಹಿಕೆ, ಸಂಗ್ರಹ, ಗ್ರಹಣಗಳಲ್ಲಿರುವ, ಹಿಡಿಯುವುದು ಎಂಬರ್ಥದ ಗ್ರಹ. ನೋಡುವ ಮೊದಲೇ ಹಿಡಿದುಬಿಟ್ಟದ್ದು ಪೂರ್ವಗ್ರಹ. ‘ಪೂರ್ವಾಗ್ರಹ’ ಎಂದು ಬರೆಯುವವರೂ ಇದ್ದಾರೆ. ಪೂರ್ವ ಮತ್ತು ಆಗ್ರಹ ಸೇರಿದಾಗ ಸವರ್ಣದೀರ್ಘ ಸಂಧಿಯಾಗಿ ಹಾಗೆ ಆಗುತ್ತದೆ, ಹಿಂದಿಯಲ್ಲಿ ಅದೇ ರೂಢಿ. ಆದರೆ ಕನ್ನಡದಲ್ಲಿ ಆಗ್ರಹ ಎಂದರೆ ಒತ್ತಾಯದ ಬೇಡಿಕೆ, ‘ರೈತರ ಆಗ್ರಹ’ ಎನ್ನುವ ಹಾಗೆ. ಆದ್ದರಿಂದ ದೀರ್ಘವಿಲ್ಲದ ರೂಪವೇ ನಮಗೆ ಹೊಂದುತ್ತದೆ.

ಇದಕ್ಕಿಂತ ಗಂಭೀರವಾದ ತೊಡಕು ‘ಪೂರ್ವಗ್ರಹಪೀಡಿತ’ ಎಂಬ ಸಮಾಸದಲ್ಲಿದೆ. ಬರಪೀಡಿತ, ನೆರೆಪೀಡಿತ ಎಂದಾಗ ನೊಂದವರು ಕಣ್ಣಮುಂದೆ ಬರುತ್ತಾರೆ. ಪೂರ್ವಗ್ರಹಪೀಡಿತ ಅಧಿಕಾರಿ ಎಂದಾಗ ನೊಂದವನ ಜಾಗದಲ್ಲಿ ಅಧಿಕಾರಿಯೇ ನಿಲ್ಲುತ್ತಾನೆ. ನಿಜವಾಗಿ ಪೀಡೆ ಅನುಭವಿಸಿದವರು ವಾಕ್ಯದಿಂದಲೇ ಮಾಯವಾಗುತ್ತಾರೆ. ‘ಪೂರ್ವಗ್ರಹವಿಟ್ಟುಕೊಂಡ’ ಎಂದು ಬರೆಯಿರಿ. ಇಟ್ಟುಕೊಂಡವರಿಗೆ ಅದನ್ನು ಬಿಡುವ ಹೊಣೆಯೂ ಇರುತ್ತದೆ.

ತಿಳಿಯದೆ ಮಾಡಿದ ಪ್ರತಿ ಊಹೆಯೂ ಪೂರ್ವಗ್ರಹವಲ್ಲ. ಹೊಸದಾಗಿ ಬಂದ ಕೆಲಸಗಾರನಿಗೆ ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಕರಿಮೆಣಸು ಕೊಯ್ಯಲು ಬರಲಾರದು ಎಂದು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಅಂದುಕೊಳ್ಳುತ್ತಾನೆ. ಅವನು ಕೊಯ್ಯುವುದನ್ನು ನೋಡಿದ ಮೇಲೆ ಅಭಿಪ್ರಾಯ ಬದಲಿಸುತ್ತಾನೆ. ಇದು ಪೂರ್ವಕಲ್ಪನೆ. ನೋಡಿದ ಮೇಲೂ ‘ಇವನೊಬ್ಬ ಬೇರೆ, ಇವನ ಜನ ಹಾಗಲ್ಲ’ ಎಂದರೆ ಅದು ಪೂರ್ವಗ್ರಹ. ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದರು: ಹೊಸ ತಿಳಿವಳಿಕೆ ಸಿಕ್ಕ ಮೇಲೂ ತಿದ್ದಿಕೊಳ್ಳದ ಮುನ್ತೀರ್ಮಾನ ಮಾತ್ರ ಪೂರ್ವಗ್ರಹ. ಎದುರಿಗೆ ಬಂದ ಒಬ್ಬನನ್ನು ಹೊರತುಪಡಿಸಿ ಉಳಿದವರ ಬಗೆಗಿನ ನಂಬಿಕೆಯನ್ನು ಹಾಗೇ ಕಾಪಾಡಿಕೊಳ್ಳುವುದಕ್ಕೆ ಅವರು ಕೊಟ್ಟ ಹೆಸರಿನ ಅರ್ಥ ‘ಮತ್ತೆ ಬೇಲಿ ಹಾಕಿಕೊಳ್ಳುವುದು’. ಹೊಗಳಿಕೆಯ ದನಿಯಲ್ಲಿ ಬರುವುದರಿಂದ ಇದನ್ನು ಗುರುತಿಸುವುದು ಕಷ್ಟ.

ಪಡಿಯಚ್ಚು ಎಂಬುದು ಇನ್ನೊಂದು. ಮುದ್ರಣದಲ್ಲಿ ಒಂದೇ ಪುಟವನ್ನು ಮತ್ತೆಮತ್ತೆ ಅಚ್ಚು ಹಾಕಲು ಬಳಸುತ್ತಿದ್ದ ‘ಸ್ಟೀರಿಯೊಟೈಪ್’ ಎಂಬ ಎರಕದ ಫಲಕದ ಹೆಸರನ್ನು 1922ರಲ್ಲಿ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಮನಸ್ಸಿನಲ್ಲಿರುವ ಸಿದ್ಧ ಚಿತ್ರಗಳಿಗೆ ಬಳಸಿದರು. ಪಡಿಯಚ್ಚು ಕೆಟ್ಟದ್ದೇ ಆಗಿರಬೇಕಿಲ್ಲ. ಬ್ರಿಟಿಷರು ಕೆಲವು ಸಮುದಾಯಗಳನ್ನು ‘ಯೋಧ ಜನಾಂಗ’ ಎಂದು ವಿಂಗಡಿಸಿದ್ದರು. ಕೊಡಗು ಸೈನ್ಯಕ್ಕೆ ಕಾರ್ಯಪ್ಪ, ತಿಮ್ಮಯ್ಯ ಅಂಥವರನ್ನು ಕೊಟ್ಟದ್ದು ಸತ್ಯ. ಆದರೂ ‘ಕೊಡಗಿನವರೆಂದರೆ ಸೈನಿಕರು’ ಎಂಬ ಮಾತಿನಲ್ಲಿ ಯರವರು, ಜೇನುಕುರುಬರು, ಕುಡಿಯರು, ಅರೆಭಾಷೆ ಗೌಡರು, ಮಾಪಿಳ್ಳೆಗಳು ಯಾರೂ ಇಲ್ಲ. ಸೈನ್ಯದ ಗೋಜಿಗೇ ಹೋಗದ ಕೊಡವರೂ ಇಲ್ಲ.

ಇವೆಲ್ಲ ಮನಸ್ಸಿನ ಒಳಗಿನವು. ನಡೆದದ್ದಕ್ಕೆ ಪದ ತಾರತಮ್ಯ. ಸಂಸ್ಕೃತದ ತರ, ತಮ ಎಂಬ ಹೋಲಿಕೆಯ ಪ್ರತ್ಯಯಗಳಿಂದ ಹುಟ್ಟಿದ ಇದು ಮೂಲದಲ್ಲಿ ಶ್ರೇಣಿ ಎಂಬರ್ಥದ್ದು. ಮಧ್ವ ಸಿದ್ಧಾಂತದಲ್ಲಿ ಇಂದಿಗೂ ಅದೇ ಅರ್ಥ. ಈಗಿನ ಬಳಕೆಯಲ್ಲಿ ಒಂದೇ ಸ್ಥಿತಿಯಲ್ಲಿರುವ ಇಬ್ಬರನ್ನು ಜಾತಿ, ಧರ್ಮ, ಲಿಂಗ ಇಂಥ ಕಾರಣಕ್ಕೆ ಬೇರೆಬೇರೆಯಾಗಿ ನಡೆಸಿಕೊಳ್ಳುವುದು ತಾರತಮ್ಯ. ಊಟದ ಸಾಲಿನಲ್ಲಿ ನಡೆದರೆ ಅದಕ್ಕೆ ಪಂಕ್ತಿಭೇದ ಎಂಬ ಖಚಿತವಾದ ಹಳೆಯ ಮಾತೇ ಇದೆ; ಅದನ್ನು ಬಿಟ್ಟುಕೊಡಬೇಡಿ.

ಪೂರ್ವಗ್ರಹ ಮತ್ತು ತಾರತಮ್ಯ ಒಂದನ್ನು ಬಿಟ್ಟು ಒಂದು ಇರಬಲ್ಲವು. 1930ರ ದಶಕದ ಆರಂಭದಲ್ಲಿ ಸಮಾಜವಿಜ್ಞಾನಿ ಲಾಪಿಯರ್ ಚೀನೀ ದಂಪತಿಯೊಬ್ಬರ ಜೊತೆ ಅಮೆರಿಕದಲ್ಲಿ ಪ್ರವಾಸ ಮಾಡಿದರು. 251 ಹೋಟೆಲು, ವಸತಿಗೃಹಗಳ ಪೈಕಿ ಒಂದು ಕಡೆ ಮಾತ್ರ ಪ್ರವೇಶ ಸಿಗಲಿಲ್ಲ, ಉಳಿದೆಲ್ಲ ಕಡೆ ಸಿಕ್ಕಿತು. ಆಮೇಲೆ ಅವೇ ಜಾಗಗಳಿಗೆ ಪತ್ರ ಬರೆದು ‘ಚೀನೀಯರಿಗೆ ಜಾಗ ಕೊಡುತ್ತೀರಾ’ ಎಂದು ಕೇಳಿದಾಗ, ಉತ್ತರಿಸಿದ 128ರಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿ ಇಲ್ಲವೆಂದರು. ಇಲ್ಲಿ ಪೂರ್ವಗ್ರಹವಿತ್ತು, ತಾರತಮ್ಯ ಮಾತ್ರ ಬಹುತೇಕ ನಡೆಯಲಿಲ್ಲ. ನಮ್ಮ ದೇಶದಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಮನಸ್ಸನ್ನು ಕೇಳಲೇ ಇಲ್ಲ. ಒಂದೇ ಅರ್ಹತೆಯ ಉದ್ಯೋಗ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಖಾಸಗಿ ಕಂಪನಿಗಳಿಗೆ ಕಳಿಸಿದರು. ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಸಂದರ್ಶನದ ಕರೆ ಕಡಿಮೆ ಬಂತು. ಯಾರ ಮನಸ್ಸನ್ನೂ ಬಗೆಯದೆ ತಾರತಮ್ಯ ತೋರಿಸಬಹುದು.

ಪಕ್ಷಪಾತ ಎಂದರೆ ಒಂದು ಪಕ್ಷದ ಕಡೆ ವಾಲುವುದು. ತೀರ್ಪು ಕೊಡುವ, ಆಯ್ಕೆ ಮಾಡುವ, ತನಿಖೆ ನಡೆಸುವ ಜಾಗದಲ್ಲಿ ಕೂತವರ ಬಗ್ಗೆ ಈ ಪದ ಸರಿಯಾಗಿ ಸಲ್ಲುತ್ತದೆ. ಸುಪ್ರೀಂ ಕೋರ್ಟ್ 1969ರಲ್ಲಿ ತೀರ್ಮಾನಿಸಿದ ಕ್ರೈಪಕ್ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಒಬ್ಬ ಅಭ್ಯರ್ಥಿಯೇ ಸದಸ್ಯನಾಗಿದ್ದ. ತನ್ನ ಹೆಸರು ಬಂದಾಗ ಚರ್ಚೆಯಿಂದ ದೂರವಿದ್ದ, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದ. ಆಯ್ಕೆ ರದ್ದಾಯಿತು. ಅವನ ಮನಸ್ಸು ನಿಜಕ್ಕೂ ವಾಲಿತ್ತೇ ಎಂದು ಸಾಬೀತು ಮಾಡಬೇಕಾಗಿರಲಿಲ್ಲ. ವಾಲುವ ಸಂಭವ ಇತ್ತು ಎಂಬುದಷ್ಟೇ ಸಾಕಾಯಿತು. ಹಾಗಾಗಿ ಅರ್ಜಿಯಲ್ಲಿ ‘ಅಧಿಕಾರಿಗೆ ನಮ್ಮ ಮೇಲೆ ಪೂರ್ವಗ್ರಹವಿದೆ’ ಎಂದು ಬರೆದರೆ ನೀವೇ ಭಾರ ಹೆಚ್ಚಿಸಿಕೊಂಡ ಹಾಗೆ. ‘ಎದುರು ಪಕ್ಷದವರ ಹತ್ತಿರದ ಸಂಬಂಧಿ, ಪಕ್ಷಪಾತದ ಸಂಭವವಿದೆ’ ಎಂದು ಸಂಬಂಧದ ವಿವರ ಕೊಡಿ.

ಇನ್ನು ನಮ್ಮ ಸುದ್ದಿಬರಹಕ್ಕೆ ಬರೋಣ. ಪೂರ್ವಗ್ರಹ ಬೈಗುಳದಲ್ಲಿ ಮಾತ್ರ ಇರುತ್ತದೆ ಎಂದು ತಿಳಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಕನ್ನಡದಲ್ಲಿ ಅದು ಪ್ರತ್ಯಯದಲ್ಲಿ ಅಡಗುತ್ತದೆ. ‘ಹಾಡಿಯ ಹುಡುಗಿಯಾದರೂ ಹೆಚ್ಚು ಅಂಕ ಪಡೆದಳು’ ಎಂಬ ಶೀರ್ಷಿಕೆ ಮೆಚ್ಚುಗೆಯಿಂದಲೇ ಬರೆದದ್ದು. ಆ ‘ಆದರೂ’ ಮಾತ್ರ ಹಾಡಿಯಲ್ಲಿ ಹುಟ್ಟಿದವರಿಗೆ ಅಂಕ ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡಿದೆ. ಅಡ್ಡಿ ನಿಜವಾಗಿದ್ದರೆ ಅಡ್ಡಿಯನ್ನೇ ಹೇಳಬೇಕು: ‘ದಿನಕ್ಕೆ ಇಷ್ಟು ದೂರ ನಡೆದು ಓದಿದರೂ’ ಎಂದು ಬರೆದರೆ ‘ಊ’ಕಾರ ದಾರಿಯ ಮೇಲೆ ಬೀಳುತ್ತದೆ, ಹುಟ್ಟಿನ ಮೇಲಲ್ಲ.

ಕ್ರಿಯಾಪದದ ಕಾಲವೂ ಹಾಗೇ. ‘ಮುಂಗಡ ತೆಗೆದುಕೊಂಡು ಓಡಿಹೋಗುತ್ತಾರೆ’ ಎಂಬ ಮಾತು ಕಾರ್ಮಿಕರ ಬಗ್ಗೆ ತೋಟಗಳಲ್ಲಿ ಕೇಳಿಬರುತ್ತದೆ. ಹಿಂದೆ ಒಬ್ಬರೋ ಇಬ್ಬರೋ ಹೋಗಿರಬಹುದು. ‘ಹೋದರು’ ಎಂದಾಗ ಅದು ಘಟನೆ; ಯಾರು, ಯಾವಾಗ, ಎಷ್ಟು ಎಂದು ಕೇಳಬಹುದು. ‘ಹೋಗುತ್ತಾರೆ’ ಎಂದ ಕೂಡಲೇ ಅದು ಇಡೀ ಗುಂಪಿನ ಸ್ವಭಾವವಾಗುತ್ತದೆ, ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ. ‘ಆ ಮಕ್ಕಳು ಶಾಲೆ ಬಿಡುತ್ತಾರೆ’ ಎನ್ನುವುದೂ ಇದೇ ಜಾತಿಯ ವಾಕ್ಯ. ಹಾಜರಿ ಪುಸ್ತಕ ತೆಗೆದು, ಗೈರುಹಾಜರಿ ರೊಬಸ್ಟಾ ಕಾಫಿ ಕೊಯ್ಲಿನ ತಿಂಗಳುಗಳಲ್ಲೇ ಗುಂಪಾಗಿದೆಯೇ ಎಂದು ನೋಡಿ. ಹಾಗಿದ್ದರೆ ‘ಕೊಯ್ಲಿನಲ್ಲಿ ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋದದ್ದರಿಂದ ತರಗತಿ ತಪ್ಪಿತು’ ಎಂದು ಬರೆಯಿರಿ. ಆಗ ಏನು ಮಾಡಬೇಕು ಎಂಬುದೂ ಹೊಳೆಯುತ್ತದೆ.

ಏಕವಚನ, ಬಹುವಚನವನ್ನೂ ನೋಡಿಕೊಳ್ಳಿ. ಒಂದೇ ವರದಿಯಲ್ಲಿ ತೋಟದ ಮಾಲೀಕರು ‘ತಿಳಿಸಿದರು’, ಕಾರ್ಮಿಕ ‘ಹೇಳಿದ’. ಇದನ್ನು ತಿದ್ದಲು ಒಂದು ನಿಮಿಷ ಸಾಕು. ಅಸ್ಸಾಮಿನಿಂದಲೋ ಪಶ್ಚಿಮ ಬಂಗಾಳದಿಂದಲೋ ಕಾಫಿ ಕೊಯ್ಯಲು ಬಂದವರನ್ನೆಲ್ಲ ‘ಬಾಂಗ್ಲಾದವರು’ ಎಂದು ಬರೆಯುವುದು ಇನ್ನೂ ಅಪಾಯದ್ದು. ಪೌರತ್ವ ದಾಖಲೆಯಿಂದ ತಿಳಿಯುವ ಸಂಗತಿ. ಮಾತಿನ ಧಾಟಿಯಿಂದಲೋ ಮುಖ ನೋಡಿಯೋ ಅದನ್ನು ಬರೆಯುವ ಹಕ್ಕು ನಮಗಿಲ್ಲ.

ಕೊನೆಯದಾಗಿ ಕಾನೂನಿನ ಭಾಷೆ. ಪೂರ್ವಗ್ರಹಕ್ಕೆ ಇಂಗ್ಲಿಷಿನಲ್ಲಿ ಬಳಸುವ ‘ಪ್ರೆಜುಡಿಸ್’ ಬಂದದ್ದು ಲ್ಯಾಟಿನ್‌ನಿಂದ. ರೋಮನ್ ಕಾನೂನಿನಲ್ಲಿ ಮುಖ್ಯ ವ್ಯಾಜ್ಯಕ್ಕೆ ಮೊದಲು, ಉದಾಹರಣೆಗೆ ಒಬ್ಬ ವ್ಯಕ್ತಿ ಸ್ವತಂತ್ರನೋ ಗುಲಾಮನೋ ಎಂದು ನಿರ್ಧರಿಸುವ ವಿಚಾರಣೆಗೆ ಆ ಹೆಸರಿತ್ತು. ಮೊದಲೇ ಆದ ತೀರ್ಮಾನದಿಂದ ಮುಂದೆ ಹಕ್ಕಿಗೆ ಆಗುವ ಹಾನಿ ಎಂಬರ್ಥವೂ ಅದಕ್ಕೆ ಸೇರಿತು. ಕಾನೂನಿನಲ್ಲಿ ಇಂದು ಹೆಚ್ಚಾಗಿ ಬದುಕಿರುವುದು ಈ ಹಾನಿಯ ಅರ್ಥವೇ. ಆದ್ದರಿಂದ ‘ವಿತೌಟ್ ಪ್ರೆಜುಡಿಸ್’ ಎಂಬುದನ್ನು ‘ಪೂರ್ವಗ್ರಹವಿಲ್ಲದೆ’ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ. ‘ಹಕ್ಕಿಗೆ ಬಾಧೆ ಬಾರದಂತೆ’ ಎನ್ನಬೇಕು. ಗಡಿಯ ವಿವಾದದಲ್ಲಿ ದಾಯಾದಿಗೆ ‘ಇಷ್ಟು ಜಾಗ ಬಿಟ್ಟುಕೊಡುತ್ತೇನೆ, ರಾಜಿಯಾಗೋಣ’ ಎಂದು ಪತ್ರ ಬರೆಯುವವರು ಈ ಮಾತನ್ನು ಪತ್ರದ ತಲೆಯಲ್ಲೇ ಹಾಕುತ್ತಾರೆ. ಅದನ್ನು ಒಪ್ಪಿಕೊಂಡ ಮಾತೆಂದು ಸಿವಿಲ್ ನ್ಯಾಯಾಲಯದಲ್ಲಿ ಬಳಸಬಾರದು ಎಂಬ ಷರತ್ತಿನ ಮೇಲೆ ಬರೆದದ್ದು ಎಂದು ಅರ್ಥ. 1872ರ ಸಾಕ್ಷ್ಯ ಅಧಿನಿಯಮದ 23ನೇ ಪ್ರಕರಣದಲ್ಲಿದ್ದ ಈ ರಕ್ಷಣೆ 2023ರ ಹೊಸ ಅಧಿನಿಯಮದಲ್ಲೂ ಮುಂದುವರಿದಿದೆ.

ಅರ್ಜಿ ಬರೆದುಕೊಡುವವರಿಗೆ ಒಂದು ಮಾತು. ‘ನಮ್ಮನ್ನು ಪೂರ್ವಗ್ರಹದಿಂದ ನೋಡಿದರು’ ಎಂಬ ಸಾಲಿನಿಂದ ಠಾಣೆಯಲ್ಲಿ ಏನೂ ಆಗದು. ದಿನಾಂಕ, ಹೊತ್ತು, ಯಾರು, ಏನು ನಿರಾಕರಿಸಿದರು, ಅದೇ ಸೌಲಭ್ಯ ಆಮೇಲೆ ಯಾರಿಗೆ ಸಿಕ್ಕಿತು ಎಂದು ಬರೆಯಿರಿ. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ದಾಖಲಿಸಿ. ಕೊಡವ ತಕ್ಕಿನಲ್ಲೋ ಮಲಯಾಳದಲ್ಲೋ ಬೈದದ್ದನ್ನು ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂದು ಸುತ್ತಿಬಿಟ್ಟರೆ ಜಾತಿಯ ಹೆಸರೇ ಕಳೆದುಹೋಗುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿನಿಂದನೆ ‘ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳದಲ್ಲಿ’ ನಡೆದಿರಬೇಕು. ಮುಚ್ಚಿದ ಕೋಣೆಯೊಳಗೆ ಹೊರಗಿನವರಾರೂ ಇಲ್ಲದಾಗ ಬೈದದ್ದಕ್ಕೂ, ಕಾಫಿ ಒಣಗಿಸುವ ಅಂಗಳದಲ್ಲಿ ಬೇರೆಯವರ ಎದುರು ಬೈದದ್ದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಆದ್ದರಿಂದ ಬೈದವರು ಎಲ್ಲಿ ನಿಂತಿದ್ದರು, ಅರ್ಜಿದಾರರು ಎಲ್ಲಿದ್ದರು, ಕೇಳಿಸುವಷ್ಟು ಹತ್ತಿರ ಮತ್ತ್ಯಾರಿದ್ದರು ಎಂಬುದನ್ನು ಮೊದಲ ದೂರಿನಲ್ಲೇ ಬರೆಯಿರಿ. ಆಮೇಲೆ ಸೇರಿಸಿದರೆ, ಕಟ್ಟಿ ಸೇರಿಸಿದ್ದು ಎಂದು ಎದುರು ವಕೀಲರು ವಾದಿಸುತ್ತಾರೆ.