ಹಿಮನದಿ ಲೆಕ್ಕಕ್ಕೆ ಗ್ರಾಫಿಕ್ಸ್ ಕಾರ್ಡು

ಕೇಳುಗರಿಗೆಲ್ಲ ನಮಸ್ಕಾರ. ಹುಡುಗ್ರು ಗೇಮ್ ಆಡೋಕೆ ಅಂತ ಕಂಪ್ಯೂಟರಿಗೆ ಹಾಕಿಸ್ಕೊಳ್ತಾರಲ್ಲ ಗ್ರಾಫಿಕ್ಸ್ ಕಾರ್ಡು, ಅದೇ ಜಿಪಿಯು, ಹಿಮನದಿ ಹೇಗೆ ಹರಿಯುತ್ತೆ ಅನ್ನೋ ಲೆಕ್ಕಕ್ಕೆ ಈಗ ಅದಕ್ಕಿಂತ ಒಳ್ಳೆ ಸಾಧನ ಇಲ್ಲ. ಹೌದು, ಮಂಜುಗಡ್ಡೆನೂ ಹರಿಯುತ್ತೆ, ತನ್ನ ಭಾರಕ್ಕೆ ತಾನೇ ಇಳಿಜಾರಲ್ಲಿ ಜಾರ್ಕೊಂಡು.

ಸ್ವಿಟ್ಜರ್ಲೆಂಡಿನ ಆಲೆಚ್ ಹಿಮನದಿ ಕಥೆ ಹೇಳ್ತೀನಿ, ನನಗೆ ಬಹಳ ಇಷ್ಟವಾದ ಕಥೆ. 1926ರ ಮಾರ್ಚಲ್ಲಿ ಮೂವರು ಅಣ್ಣತಮ್ಮಂದಿರು ಅದರ ಮೇಲೆ ಹೋದವರು ವಾಪಸ್ ಬರಲೇ ಇಲ್ಲ. 2012ರಲ್ಲಿ ಕೆಳಗಡೆ ಒಂದು ಕಡೆ ಹಿಮ ಕರಗಿ ಅವರ ಮೂಳೆಗಳು ಸಿಕ್ವು. ಆಗ ಗಿಯೋಮ್ ಜೂವೆ ಮತ್ತು ಮಾರ್ಟಿನ್ ಫುಂಕ್ ಅನ್ನೋ ವಿಜ್ಞಾನಿಗಳು ಹಿಮದ ಹರಿವನ್ನ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಹೋದ್ರು. ದೇಹಗಳು 86 ವರ್ಷದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಸಾಗಿದ್ವು, ನಡುವೆ ಸುಮಾರು 250 ಮೀಟರ್ ಆಳಕ್ಕೂ ಇಳಿದಿದ್ವು! ಹೊರಟ ಜಾಗ ನೋಡಿದ್ರೆ ಹಿಮಪಾತಾನೂ ಅಲ್ಲ, ಬಿರುಕಿಗೆ ಬಿದ್ದಿದ್ದೂ ಅಲ್ಲ, ಕೆಟ್ಟ ಹವೆಯಲ್ಲಿ ದಾರಿ ತಪ್ಪಿರ್ಬೇಕು ಅಂತ ಅಂದಾಜು ಸಿಕ್ತು. ಬರೀ ಲೆಕ್ಕದಿಂದ, ನೋಡಿ.

ಆದ್ರೆ ಈ ಲೆಕ್ಕ ಒಂದೇ ಏಟಿಗೆ ಮುಗಿಯಲ್ಲ. ಹಿಮದ ಮೇಲೆ ಒತ್ತಡ ಎರಡು ಪಟ್ಟಾದ್ರೆ ಅದು ರೂಪ ಬದಲಿಸೋ ವೇಗ ಎಂಟು ಪಟ್ಟಾಗುತ್ತೆ, ಹಾಗಾಗಿ ಹಿಮನದಿನ ಲಕ್ಷಾಂತರ ಚೌಕ ಮಾಡಿ, ಪ್ರತಿ ಚೌಕದ ವೇಗಾನ ಪಕ್ಕದವುಗಳ ಜೊತೆ ಹೋಲಿಸ್ತಾ, ಉತ್ತರ ಒಂದು ಕಡೆ ನಿಲ್ಲೋವರೆಗೂ ತಿದ್ದಬೇಕು. ಮಾಮೂಲಿ ಪ್ರೊಸೆಸರ್ ಅಂದ್ರೆ ಗದ್ದೆಲಿ ಒಬ್ನೇ ಗಟ್ಟಿ ಆಳು. ಜಿಪಿಯು ಅಂದ್ರೆ ಸಾಲಾಗಿ ನಿಂತ ಸಾವಿರಾರು ನಾಟಿ ಆಳುಗಳು, ಒಬ್ಬೊಬ್ಬರಿಗೆ ಒಂದು ಚೂರು ಜಾಗ, ಪಕ್ಕದವರನ್ನ ನೋಡ್ಕೊಂಡು ಒಟ್ಟಿಗೇ ಮುಂದೆ ಹೆಜ್ಜೆ.

ಬೇಗ ಮುಗಿದ್ರೇನು ಬಂತು ಅಂತ ಕೇಳ್ತಾರೆ, ಎಷ್ಟು ಸಲ ಹೇಳಿದ್ರೂ ಕೇಳ್ತಾರೆ! ಬೇಗ ಮುಗಿದ್ರೆ ಮತ್ತೆ ಮತ್ತೆ ಓಡಿಸ್ಬೋದು ರೀ. ತಳದಲ್ಲಿ ಜಾರಿಕೆ ಸ್ವಲ್ಪ ಹೆಚ್ಚಿದ್ರೆ? ಮತ್ತೆ ಓಡಿಸಿ. ಬಿಸಿ ಅರ್ಧ ಡಿಗ್ರಿ ಏರಿದ್ರೆ? ಮತ್ತೆ ಓಡಿಸಿ. ಅದೇ ಜೂವೆ ಆಮೇಲೆ ಐಜಿಎಂ ಅನ್ನೋ ಪ್ರೋಗ್ರಾಂ ಮಾಡಿದ್ರು, ಜಿಪಿಯು ಮೇಲೆ ನ್ಯೂರಲ್ ನೆಟ್‌ವರ್ಕ್, ಅಂದ್ರೆ ಉದಾಹರಣೆ ನೋಡಿ ಕಲಿಯೋ ಲೆಕ್ಕದ ಜಾಲ, ಓಡಿಸಿ ಇದೇ ಹರಿವನ್ನ ಎಷ್ಟೋ ಪಟ್ಟು ಬೇಗ ಕೊಡುತ್ತೆ.

ಟೈಮ್ ಆಗ್ತಿದೆ, ಹಿಮಾಲಯದ ವಿಷ್ಯ ಪೂರ್ತಿ ಹೇಳೋಕಾಗ್ತಿಲ್ಲ, ಅಲ್ಲಿನ ಹಿಮನದಿಗಳನ್ನ ನಮ್ಮ ಬೆಂಗಳೂರಿನ ಐಐಎಸ್‌ಸಿ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಯ, ಹವಾಮಾನ ಬದಲಾವಣೆ ಓದೋ ದಿವೇಚಾ ಕೇಂದ್ರದಲ್ಲೂ ಅಧ್ಯಯನ ಮಾಡ್ತಾರೆ, ಐಐಎಸ್‌ಸಿಯ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನಲ್ಲಿ ಜಿಪಿಯುಗಳೂ ಇವೆ. ಕೋಡ್ ಬರೆಯೋ ಮಕ್ಕಳಿಗೆ ಒಂದೇ ಮಾತು: ಡೇಟಾನ ಕಾರ್ಡಿನ ಮೆಮೊರಿಯಲ್ಲೇ ಇಟ್ಕೊಳ್ಳಿ, ಪ್ರತಿ ಹೆಜ್ಜೆಗೂ ಹೊರಗೆ ತಂದು ಮತ್ತೆ ಒಳಗೆ ಹಾಕಿದ್ರೆ ಗಳಿಸಿದ ವೇಗ ಎಲ್ಲ ಆ ಓಡಾಟಕ್ಕೇ ಹೋಗುತ್ತೆ. ನಮಸ್ಕಾರ.