ಕಿಟಕಿಯಾಚೆ ತಾಳ ಹಾಕುವ ಕಂಬಗಳು

ಈಗ ತೆರೆಯ ಮೇಲೆ ಕಾಣುತ್ತಿರುವುದು ನಮ್ಮ ಮನೆಯ ಊಟದ ಮೇಜು. ಬೆಳಗಿನ ಆರೂವರೆ ಗಂಟೆ. ಗೇಣಿಗೊಂದರಂತೆ ಕಿತ್ತಳೆ ಹಣ್ಣು ಇಟ್ಟಿದ್ದೇನೆ. ನಡುನಡುವೆ ಫೋರ್ಕ್, ತುದಿಯಲ್ಲಿ ಎರಡು ದಪ್ಪ ಪುಸ್ತಕ. ಮೊಬೈಲನ್ನು ಅಂಚಿಗೆ ಒತ್ತಿ ಹಿಡಿದು ಒಂದೇ ವೇಗದಲ್ಲಿ ಸರಿಸುತ್ತಾ ಹೋಗುತ್ತೇನೆ. ಕಿತ್ತಳೆ ದಾಟಿದಾಗ ಡ್ರಮ್ಮಿನ ಪೆಟ್ಟು, ಫೋರ್ಕ್ ದಾಟಿದಾಗ ಸಣ್ಣ ಕಿಣಿ. ನೋಡುತ್ತಿದ್ದೀರಲ್ಲ, ಹಣ್ಣೇ ಸದ್ದು ಮಾಡಿದಂತೆ ಅನಿಸುತ್ತದೆ.

ಈ ಉಪಾಯ ಕಲಿತದ್ದು ಫ್ರಾನ್ಸಿನ ನಿರ್ದೇಶಕ ಮಿಶೆಲ್ ಗೊಂಡ್ರಿ ಅವರಿಂದ. ಕೆಮಿಕಲ್ ಬ್ರದರ್ಸ್ ಎಂಬ ಬ್ರಿಟಿಷ್ ಸಂಗೀತ ತಂಡದ 'ಸ್ಟಾರ್ ಗಿಟಾರ್' ಹಾಡಿಗೆ ವಿಡಿಯೊ ಮಾಡುವ ಮೊದಲು ಅವರು ಅದರ ಒಂದೊಂದು ಸದ್ದನ್ನೂ ಗ್ರಾಫ್ ಹಾಳೆಯ ಮೇಲೆ ಗುರುತಿಸಿಕೊಂಡರು. ಆಮೇಲೆ ಕಿತ್ತಳೆ, ಫೋರ್ಕ್, ಕ್ಯಾಸೆಟ್, ಲೋಟ, ಶೂಗಳನ್ನು ಸಾಲಾಗಿ ಜೋಡಿಸಿ ಲೆಕ್ಕ ಸರಿಬರುತ್ತದೆಯೇ ಎಂದು ಪರೀಕ್ಷಿಸಿದರು.

2002ರ ಆ ವಿಡಿಯೊದಲ್ಲಿ ಇರುವುದು ರೈಲಿನ ಕಿಟಕಿಯ ನೋಟ, ಅಷ್ಟೇ. ನಟರಿಲ್ಲ, ಗಾಯಕರ ಮುಖವಿಲ್ಲ. ಮೊದಲ ಸಲ ನೋಡಿದಾಗ ಯಾರೋ ಪ್ರಯಾಣಿಕರು ಹೊತ್ತು ಕಳೆಯಲು ಚಿತ್ರೀಕರಿಸಿದ್ದು ಎಂದುಕೊಂಡಿದ್ದೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಬೆನ್ನು ನೆಟ್ಟಗಾಯಿತು. ಕಂಬ ಬಂದಾಗಲೆಲ್ಲ ಅದೇ ಪೆಟ್ಟು. ಹೊಸ ವಾದ್ಯ ಸೇರಿದರೆ ಹೊಸದೊಂದು ಕಟ್ಟಡ. ಸದ್ದು ನಿಂತರೆ ಆ ಕಟ್ಟಡವೂ ಇಲ್ಲ. ಫ್ರಾನ್ಸಿನ ನೀಮ್ ಮತ್ತು ವಾಲೆನ್ಸ್ ಪಟ್ಟಣಗಳ ನಡುವಿನ ಹಳಿಯ ಮೇಲೆ, ದಿನದ ಬೇರೆ ಬೇರೆ ಬೆಳಕಿಗಾಗಿ, ಹತ್ತು ಸಲ ಓಡಾಡಿ ಚಿತ್ರೀಕರಿಸಿದ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಹೆಣೆದದ್ದು ಅದು. ಹೊಲಿಗೆ ಎಲ್ಲೂ ಕಾಣುವುದಿಲ್ಲ.

ಗೊಂಡ್ರಿ ಮೂಲತಃ ಡ್ರಮ್ಮರ್. 'ವಿ ವಿ' ಎಂಬ ಫ್ರೆಂಚ್ ತಂಡದಲ್ಲಿ ನುಡಿಸುತ್ತಾ ಅದೇ ತಂಡಕ್ಕೆ ವಿಡಿಯೊ ಮಾಡುತ್ತಿದ್ದರು. ಅದನ್ನು ಕಂಡ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ 1993ರಲ್ಲಿ ಅವರಿಗೆ ಕೆಲಸ ಕೊಟ್ಟರು. ಗೊಂಡ್ರಿಯವರ ಅಜ್ಜ ಕಾನ್ಸ್ಟಂಟ್ ಮಾರ್ಟಿನ್ ಕ್ಲಾವಿಯೊಲಿನ್ ಎಂಬ ವಿದ್ಯುತ್ ವಾದ್ಯವನ್ನು ಕಂಡುಹಿಡಿದವರು. ಇದು ತಿಳಿದ ದಿನ ನನಗೆ ಎಷ್ಟೋ ಅರ್ಥವಾಯಿತು. ಎಣಿಸುವ ಕಿವಿ ಮನೆಯಿಂದಲೇ ಬಂದಿರಬೇಕು.

ಪಲ್ಲವಿಯಲ್ಲಿ ಮಳೆ ಎಂದರೆ ತೆರೆಯ ಮೇಲೂ ಮಳೆ, ಕಣ್ಣು ಎಂದರೆ ಕಣ್ಣಿನ ಕ್ಲೋಸಪ್. ಇಂಥ ಹಾಡಿನ ವಿಡಿಯೊಗಳನ್ನು ನೋಡಿ ನೋಡಿ ನನಗೆ ಬೇಸರವಾಗಿತ್ತು. ಗೊಂಡ್ರಿ ಸಾಹಿತ್ಯದ ಬೆನ್ನು ಹತ್ತುವುದಿಲ್ಲ, ವಾದ್ಯಗಳ ಬೆನ್ನು ಹತ್ತುತ್ತಾರೆ. ಡಾಫ್ಟ್ ಪಂಕ್ ಎಂಬ ಫ್ರೆಂಚ್ ಸಂಗೀತ ಜೋಡಿಯ 'ಅರೌಂಡ್ ದಿ ವರ್ಲ್ಡ್' ಹಾಡಿಗೆ ಅವರು ಮಾಡಿದ ವಿಡಿಯೊದಲ್ಲಿ ಮೆಟ್ಟಿಲು ಹತ್ತಿ ಇಳಿಯುವ ಕ್ರೀಡಾಪಟುಗಳೇ ಬೇಸ್ ಗಿಟಾರ್, ಬಟ್ಟೆಪಟ್ಟಿ ಸುತ್ತಿಕೊಂಡ ಈಜಿಪ್ಟಿನ ಮಮ್ಮಿಗಳೇ ಡ್ರಮ್, ಅಸ್ಥಿಪಂಜರಗಳೇ ಗಿಟಾರ್. ಕಣ್ಣು ಮಮ್ಮಿಗಳ ಮೇಲಿದ್ದರೆ ಡ್ರಮ್ ಮಾತ್ರ ಬೇರ್ಪಟ್ಟು ಕೇಳಿಸುತ್ತದೆ. ಸಂಗೀತ ಕಲಿಯದವರಿಗೂ ಹೀಗೆ ಕೇಳುವುದನ್ನು ಕಲಿಸಿದ ವಿಡಿಯೊ ಇನ್ನೊಂದನ್ನು ನಾನು ನೋಡಿಲ್ಲ.

ಆಸ್ಟ್ರೇಲಿಯಾದ ಗಾಯಕಿ ಕೈಲಿ ಮಿನೋಗ್ ಅವರ 'ಕಮ್ ಇನ್ಟು ಮೈ ವರ್ಲ್ಡ್' ಹಾಡಿಗೆ ಗೊಂಡ್ರಿ ಮಾಡಿದ ವಿಡಿಯೊ ನೋಡುವಾಗ ನನಗೆ ನೆನಪಾಗುವುದು ತಾಳದ ಆವರ್ತ. ಆಕೆ ಬೀದಿಯ ಒಂದು ಸುತ್ತು ಮುಗಿಸಿ ಹೊರಟಲ್ಲಿಗೇ ಬಂದಾಗ ಅಲ್ಲಿ ಇನ್ನೊಬ್ಬ ಕೈಲಿ ಹೊರಟಿರುತ್ತಾಳೆ. ಮತ್ತೊಂದು ಸುತ್ತಿಗೆ ಮೂವರು, ಆಮೇಲೆ ನಾಲ್ವರು. ದಾರಿಹೋಕರೂ ಹಾಗೆಯೇ ಹೆಚ್ಚುತ್ತಾರೆ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದಿಲ್ಲ.

ಮತ್ತೆ ನಮ್ಮ ಮೇಜಿಗೆ ಬನ್ನಿ. ಇದು ಒಂಬತ್ತು ಗಂಟೆಗೆ ತೆಗೆದ ತುಣುಕು. ಕಿಟಕಿಯಿಂದ ಬಿಸಿಲು ಬಿದ್ದು ಪ್ರತಿ ಕಿತ್ತಳೆಗೂ ಒಂದು ನೆರಳು ಹುಟ್ಟಿದೆ. ಹಣ್ಣಿಗಿಂತ ಅರೆಕ್ಷಣ ಮೊದಲೇ ನೆರಳು ತೆರೆಯೊಳಗೆ ಬರುತ್ತದೆ. ಈ ಜಾಗಕ್ಕೆ ಗ್ರಾಫ್ ಹಾಳೆಯಲ್ಲಿ ನಾನು ಏನನ್ನೂ ಬರೆದಿರಲಿಲ್ಲ. ಪೆಟ್ಟಿಗೆ ಮುನ್ನ ಒಂದು ಮೆಲ್ಲನೆಯ ಸದ್ದು ಇಲ್ಲಿ ಬೇಕು, ಬಹುಶಃ ಬೆರಳಿನಿಂದ ಮರ ಸವರಿದ ಸದ್ದು. ಸಂಜೆಯ ಬೆಳಕಿನಲ್ಲಿ ನೆರಳು ಆ ಕಡೆಗೆ ತಿರುಗುತ್ತದೆ, ಆಗ ಲೆಕ್ಕವೇ ಬದಲಾಗುತ್ತದೆ. ಅಲ್ಲಿಯವರೆಗೆ ಹಣ್ಣುಗಳನ್ನು ಯಾರೂ ಮುಟ್ಟಬಾರದೆಂದು ಮನೆಯಲ್ಲಿ ಹೇಳಿಟ್ಟಿದ್ದೇನೆ.